ನಾಟಕವನ್ನು ಪ್ರಯೋಗಾಲಯದ ವಿಷಯವೆಂದು ಬರೆಯಿರಿ: ಉನ್ನತ ಶಿಕ್ಷಣದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿಗೆ, ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಮತ್ತು ಪ್ರದರ್ಶಕ ಕಲೆಗಳ ಅಧ್ಯಯನ ಮಂಡಳಿಗಳ ಸದಸ್ಯರಿಗೆ,

ನಮಸ್ಕಾರ.

ಪದವಿ ತರಗತಿಗಳಲ್ಲಿ ನಾಟಕ ಕಲಿಸುವವರು, ತಾಲೀಮು ನಡೆಸುವವರು, ಬೆಳಕು ಕಟ್ಟುವವರು, ರಂಗಸಜ್ಜಿಕೆ ಮಾಡುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ಕೋರಿಕೆ ಒಂದೇ. ಬಿ.ಎ. ಐಚ್ಛಿಕವಾಗಲಿ, ಪ್ರದರ್ಶಕ ಕಲೆಗಳ ಪದವಿಯಾದ ಬಿ.ಪಿ.ಎ. ಆಗಲಿ, ಪದವಿ ಮಟ್ಟದ ನಾಟಕವನ್ನು ಭೌತಶಾಸ್ತ್ರ, ರಸಾಯನಶಾಸ್ತ್ರಗಳಂತೆ ಪ್ರಯೋಗಾಲಯವಿರುವ ವಿಷಯವೆಂದು ಪಠ್ಯಕ್ರಮದ ಆದೇಶದಲ್ಲೇ ಬರೆಯಿರಿ. ಅವಧಿ, ಕೊಠಡಿ, ಕಾರ್ಯಭಾರ, ಪರೀಕ್ಷೆ ನಾಲ್ಕನ್ನೂ ಆ ಒಂದು ಮಾತಿನ ಮೇಲೆ ನಿಲ್ಲಿಸಿ.

2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ನಾಲ್ಕು ವರ್ಷದ ಅಂದಾಜಿನಲ್ಲಿ ಹರಡಿದ್ದ ಪತ್ರಿಕೆಗಳನ್ನು ಆರು ಸೆಮಿಸ್ಟರ್‌ಗೆ ಒತ್ತಿ ತುಂಬುವಾಗ ಮೊದಲು ಕತ್ತರಿ ಬೀಳುವುದು ಪ್ರಾಯೋಗಿಕ ಅವಧಿಗೆ. ಆ ಅವಧಿ ಹೋದರೆ ನಾಟಕದಲ್ಲಿ ಉಳಿಯುವುದು ನಾಟಕದ ಬಗೆಗಿನ ಟಿಪ್ಪಣಿಗಳು ಮಾತ್ರ.

ಲೆಕ್ಕವನ್ನೇ ಮುಂದಿಡುತ್ತೇವೆ. ಒಂದು ಕ್ರೆಡಿಟ್ ಎಂದರೆ ತರಗತಿ ಪಾಠವಾದರೆ ಸೆಮಿಸ್ಟರ್‌ಗೆ 15 ಗಂಟೆ, ಪ್ರಾಯೋಗಿಕವಾದರೆ 30 ಗಂಟೆ. ‘ಅಭಿನಯ’ ಎಂಬ ನಾಲ್ಕು ಕ್ರೆಡಿಟ್‌ಗಳ ಪತ್ರಿಕೆಯನ್ನು ಸಿದ್ಧಾಂತದ ಕಾಲಮ್ಮಿನಲ್ಲಿ ಬರೆದರೆ ಸಿಗುವುದು 60 ಗಂಟೆ. ವೇಳಾಪಟ್ಟಿಯಲ್ಲಿ ಅದು 55 ನಿಮಿಷಗಳ ಅರುವತ್ತು ತರಗತಿಗಳಾಗುತ್ತದೆ. ಪ್ರತಿ ತರಗತಿಯಲ್ಲೂ ಬೆಂಚು ಸರಿಸಿ ಜಾಗ ಮಾಡಲು, ಕೊನೆಗೆ ಮತ್ತೆ ಜೋಡಿಸಲು ಹತ್ತು ನಿಮಿಷ ಬೇಕು. ಮೈ ಮತ್ತು ದನಿ ಬಿಸಿಯಾಗಲು ಇಪ್ಪತ್ತು ನಿಮಿಷ; ಇದನ್ನು ಬಿಟ್ಟರೆ ಮೂರನೇ ವಾರಕ್ಕೇ ಒಬ್ಬರ ಗಂಟಲು ಕಟ್ಟುತ್ತದೆ, ಇನ್ನೊಬ್ಬರ ಮಂಡಿ ಹಿಡಿದುಕೊಳ್ಳುತ್ತದೆ. ಉಳಿದದ್ದು ಇಪ್ಪತ್ತೈದು ನಿಮಿಷ. ಅರುವತ್ತು ತರಗತಿಗಳಿಂದ ಕೂಡಿದರೆ 25 ಗಂಟೆ.

ಅದೇ ನಾಲ್ಕು ಕ್ರೆಡಿಟ್‌ಗಳನ್ನು ಪ್ರಾಯೋಗಿಕವೆಂದು ಬರೆದರೆ 120 ಗಂಟೆ. ಮೂರು ಗಂಟೆಯ ನಲವತ್ತು ಅವಧಿಗಳು. ಪ್ರತಿ ಅವಧಿಯಲ್ಲಿ ತಯಾರಿಗೆ, ವ್ಯಾಯಾಮಕ್ಕೆ, ಕೊನೆಯ ಮಾತುಕತೆಗೆ ಐವತ್ತು ನಿಮಿಷ ಕಳೆದರೂ 130 ನಿಮಿಷ ಕೆಲಸಕ್ಕೆ ಸಿಗುತ್ತದೆ. ಒಟ್ಟು 86 ಗಂಟೆ 40 ನಿಮಿಷ. ಕ್ರೆಡಿಟ್ ಅಷ್ಟೇ, ಅಂಕವೂ ಅಷ್ಟೇ. ಬರೆದ ಕಾಲಮ್ಮು ಬೇರೆಯಾದದ್ದರಿಂದ ಕೆಲಸದ ಹೊತ್ತು ಮೂರು ಪಟ್ಟಿಗೂ ಹೆಚ್ಚಾಯಿತು. ತೊಂಬತ್ತು ನಿಮಿಷದ ಒಂದು ನಾಟಕ ರಂಗಕ್ಕೇರಲು ನಮ್ಮ ಅಂದಾಜಿನಲ್ಲಿ ನಲವತ್ತು ದಿನ, ದಿನಕ್ಕೆ ನಾಲ್ಕು ಗಂಟೆಯ ತಾಲೀಮು ಬೇಕು, ಅಂದರೆ 160 ಗಂಟೆ. ಇಪ್ಪತ್ತೈದು ಗಂಟೆಯಲ್ಲಿ ಅದನ್ನು ಮಾಡಿಸಹೊರಟಾಗ ಕೊನೆಯ ಹದಿನೈದು ದಿನ ಇತಿಹಾಸದ ತರಗತಿ, ಇಂಗ್ಲಿಷ್ ತರಗತಿಗಳನ್ನೆಲ್ಲ ಬಿಡಿಸಿ ತಾಲೀಮು ಮಾಡಬೇಕಾಗುತ್ತದೆ. ಆ ವಿಷಯಗಳ ಅಧ್ಯಾಪಕರು ಸಿಟ್ಟಾಗುತ್ತಾರೆ, ಹಾಜರಾತಿ ಕಡಿಮೆಯಾಗುತ್ತದೆ, ‘ನಾಟಕದ ಹುಡುಗರು ಓದುವುದಿಲ್ಲ’ ಎಂಬ ಹೆಸರು ಬರುತ್ತದೆ. ಆ ಹೆಸರಿನ ಮೂಲ ವೇಳಾಪಟ್ಟಿಯಲ್ಲಿದೆ, ಮಕ್ಕಳಲ್ಲಿ ಅಲ್ಲ.

ಹೆಗ್ಗೋಡಿನಲ್ಲಿ 1980ರಿಂದ ನೀನಾಸಂ ರಂಗಶಿಕ್ಷಣ ಕೇಂದ್ರ ನಡೆಯುತ್ತಿದೆ, ಸಾಣೇಹಳ್ಳಿಯಲ್ಲಿ ರಂಗಶಾಲೆಯಿದೆ, ದೆಹಲಿಯಲ್ಲಿ 1959ರಿಂದ ರಾಷ್ಟ್ರೀಯ ನಾಟಕ ಶಾಲೆಯಿದೆ, ಹಾಗಿರುವಾಗ ಪದವಿ ಕಾಲೇಜಿನಲ್ಲಿ ನಾಟಕ ಯಾಕೆ ಎಂದು ಕೇಳುವವರಿದ್ದಾರೆ. ಆ ಶಾಲೆಗಳಲ್ಲಿ ವಿದ್ಯಾರ್ಥಿ ಬೆಳಗಿನಿಂದ ರಾತ್ರಿಯವರೆಗೆ ನಾಟಕದಲ್ಲೇ ಇರುತ್ತಾನೆ. ಪದವಿ ಕಾಲೇಜಿನ ಹುಡುಗಿ ಬೆಳಿಗ್ಗೆ ಹಳ್ಳಿಯಿಂದ ಬಸ್ಸು ಹಿಡಿದು ಬಂದು, ಎರಡು ಭಾಷೆ ಮತ್ತು ಇನ್ನೆರಡು ವಿಷಯ ಓದಿ, ಸಂಜೆಯ ಬಸ್ಸಿಗೆ ಹೊರಡಬೇಕು. ರಂಗಶಾಲೆಯ ಪಠ್ಯವನ್ನು ಯಥಾವತ್ತಾಗಿ ತಂದು ಅವಳ ಮೇಲೆ ಹೇರಿದರೆ ನಾಟಕವೂ ಉಳಿದ ಓದೂ ಎರಡೂ ಕೆಡುತ್ತವೆ. ಆದರೆ ಒಂದು ವರ್ಷದ ವಸತಿ ಶಾಲೆಗೆ ಮಗಳನ್ನು ಕಳಿಸಲಾಗದ ಮನೆಗಳು ಪದವಿ ಕಾಲೇಜಿಗೆ ಕಳಿಸುತ್ತವೆ. ಸ್ನಾತಕೋತ್ತರ ಪ್ರವೇಶಕ್ಕೂ ರಾಷ್ಟ್ರೀಯ ನಾಟಕ ಶಾಲೆಗೂ ಪದವಿ ಬೇಕೇ ಬೇಕು. ಆದ್ದರಿಂದ ಪದವಿಯ ನಾಟಕಕ್ಕೆ ತನ್ನದೇ ಅಳತೆಯ ಹೊಲಿಗೆ ಆಗಬೇಕು.

ಕೊಠಡಿಯ ಅಳತೆ ಹೇಳುತ್ತೇವೆ. ಒಂದು ತಂಡದಲ್ಲಿ ಇಪ್ಪತ್ತು ಜನ. ಎಂಟಕ್ಕಿಂತ ಕಡಿಮೆಯಾದರೆ ಆಡಬಹುದಾದ ನಾಟಕಗಳೇ ಕಡಿಮೆ. ಇಪ್ಪತ್ತನಾಲ್ಕು ದಾಟಿದರೆ ಒಬ್ಬೊಬ್ಬರನ್ನೂ ನೋಡಿ ತಿದ್ದುವುದು ಒಬ್ಬ ಶಿಕ್ಷಕರಿಂದ ಆಗದ ಕೆಲಸ. ಇಪ್ಪತ್ತು ಜನಕ್ಕೆ ನಲವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ, ಕನಿಷ್ಠ ಹದಿನಾಲ್ಕು ಅಡಿ ಎತ್ತರದ, ನಡುವೆ ಕಂಬವಿಲ್ಲದ ಒಂದು ಕೊಠಡಿ ಸಾಕು. ಎತ್ತರ ಹತ್ತೇ ಅಡಿಯಿದ್ದರೆ ಎರಡು ಅಡಿಯ ಲೆವೆಲ್ (ರಂಗದ ಮೇಲಿಡುವ ಮರದ ಜಗಲಿ) ಮೇಲೆ ನಿಂತ ನಟನ ತಲೆಗೂ ದೀಪಕ್ಕೂ ಅಂತರ ಉಳಿಯುವುದಿಲ್ಲ, ಫ್ಯಾನಿನ ರೆಕ್ಕೆ ಬೇರೆ ಅಪಾಯ.

ನೆಲದ ವಿಷಯದಲ್ಲಿ ದಯವಿಟ್ಟು ರಾಜಿ ಮಾಡಬೇಡಿ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ನೋಡಲು ಚಂದ, ಗುತ್ತಿಗೆದಾರರಿಗೆ ಸುಲಭ. ಅದರ ಮೇಲೆ ವಾರಕ್ಕೆ ನಾಲ್ಕು ದಿನ ಬರಿಗಾಲಲ್ಲಿ ಜಿಗಿದು ಬಿದ್ದರೆ ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾಗುತ್ತದೆ, ಆಮೇಲೆ ಮಂಡಿ. ಸಿಮೆಂಟ್ ನೆಲದ ಮೇಲೆ ಹೊಡೆತ ಹೀರುವ ರಬ್ಬರ್ ತುಂಡುಗಳು, ಅವುಗಳ ಮೇಲೆ ಮರದ ರೀಪು, ರೀಪಿನ ಮೇಲೆ ಎರಡು ಪದರ ಪ್ಲೈವುಡ್ ಹಾಕಿ. ಎರಡನೇ ಪದರದ ಕೀಲುಗಳು ಮೊದಲ ಪದರದ ಕೀಲುಗಳ ಮೇಲೆ ಬರಬಾರದು. ಬಂದರೆ ಅಲ್ಲೇ ಕುಸಿಯುತ್ತದೆ. ಅಷ್ಟೂ ಆಗದಿದ್ದರೆ ದಪ್ಪ ಜಮಖಾನದ ಬದಲು ಜೋಡಿಸಿ ಹಾಕುವ ಫೋಮ್ ಮ್ಯಾಟ್ ಕೊಳ್ಳಿ. ಜಮಖಾನ ಜಾರುತ್ತದೆ, ಧೂಳು ಹಿಡಿದು ಕೆಮ್ಮು ತರುತ್ತದೆ.

ಕೊಠಡಿ ಒಪ್ಪಿಕೊಳ್ಳುವ ಮೊದಲು ನಡುವೆ ನಿಂತು ಒಂದು ಚಪ್ಪಾಳೆ ಹೊಡೆದು ನೋಡಿ. ಸದ್ದು ಕೂಡಲೇ ಸತ್ತರೆ ಸರಿ. ಬಾಲ ಬೆಳೆಸಿಕೊಂಡು ಗೋಡೆಯಿಂದ ಗೋಡೆಗೆ ಓಡಿದರೆ ಅಲ್ಲಿ ಮಾತು ಕಲಿಸಲಾಗದು. ಮೂರು ಗೋಡೆಗಳಿಗೆ ನೆರಿಗೆ ಬಿಟ್ಟು ದಪ್ಪ ಕಪ್ಪು ಪರದೆ ಇಳಿಬಿಟ್ಟರೆ ಬಹುಪಾಲು ಸರಿಹೋಗುತ್ತದೆ. ಪರದೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ, ನೆರಿಗೆಯೇ ಸದ್ದನ್ನು ನುಂಗುವುದು.

ವಿದ್ಯುತ್ತಿನಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. 1000 ವ್ಯಾಟಿನ ಹನ್ನೆರಡು ದೀಪ, ಅಂದರೆ ಪಾರ್ ಕ್ಯಾನ್, ಫ್ರೆನೆಲ್ ಎಲ್ಲ ಸೇರಿ, ಕಲಿಕೆಗೆ ಬೇಕಾದ ಕನಿಷ್ಠ. ಒಟ್ಟು 12 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಅದು 52 ಆಂಪಿಯರ್ ಎಳೆಯುತ್ತದೆ. ತರಗತಿಯ 16 ಆಂಪಿಯರಿನ ಒಂದು ಸಾಕೆಟ್ ಮೂರು ದೀಪಗಳನ್ನಷ್ಟೇ ತಡೆಯುತ್ತದೆ. ನಾಲ್ಕನೆಯದನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದಾಗ ವೈರು ಮೆತ್ತಗಾಗುತ್ತದೆ, ಅಲ್ಲೇ ಪಕ್ಕದಲ್ಲಿ ಹತ್ತಿ ಬಟ್ಟೆಯ ಪರದೆ ಇರುತ್ತದೆ. ಮೂರು ಫೇಸಿನ ಸಂಪರ್ಕ, ಫೇಸಿಗೆ ನಾಲ್ಕು ದೀಪ, ಸರಿಯಾದ ಅರ್ತಿಂಗ್, ಬಾಗಿಲ ಬಳಿ ಕಾರ್ಬನ್ ಡೈಆಕ್ಸೈಡಿನ ಅಗ್ನಿಶಾಮಕ, ಪ್ರತಿ ದೀಪಕ್ಕೂ ಕೊಕ್ಕೆಯ ಜೊತೆಗೆ ಪ್ರತ್ಯೇಕ ಸುರಕ್ಷತಾ ಸರಪಳಿ: ಇವು ಆದೇಶದಲ್ಲಿ ಬರಲಿ. ರಸಾಯನಶಾಸ್ತ್ರದ ಲ್ಯಾಬಿಗೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು ಎನ್ನುತ್ತೇವಲ್ಲ, ಹಾಗೆ.

ಎಲ್‌ಇಡಿ ಪಾರ್‌ಗಳನ್ನು ಕೊಂಡರೆ ಕರೆಂಟು ಬಹಳ ಉಳಿಯುತ್ತದೆ, ನಿಜ. ಆದರೆ ಅಗ್ಗದ ಎಲ್‌ಇಡಿಯನ್ನು ನಿಧಾನವಾಗಿ ಇಳಿಸುವಾಗ ಬೆಳಕು ಕೊನೆಯಲ್ಲಿ ಮೆಟ್ಟಿಲು ಹಾರಿದಂತೆ ಜಿಗಿಯುತ್ತದೆ, ಮುಖದ ಬಣ್ಣ ಬಿಳಚಿಕೊಳ್ಳುತ್ತದೆ. ಹಿನ್ನೆಲೆಗೆ, ಬಣ್ಣಕ್ಕೆ ಎಲ್‌ಇಡಿ ಇರಲಿ. ಮುಖಕ್ಕೆ ನಾಲ್ಕಾರು ಹ್ಯಾಲೊಜನ್ ಉಳಿಸಿಕೊಳ್ಳಿ. ಹ್ಯಾಲೊಜನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದೆಂಬುದನ್ನು ಮೊದಲ ದಿನವೇ ಕಲಿಸಬೇಕು. ಬೆರಳಿನ ಜಿಡ್ಡು ಹತ್ತಿದ ಕಡೆ ಗಾಜು ಹೆಚ್ಚು ಕಾದು ಒಡೆಯುತ್ತದೆ. ಮುಟ್ಟಿದ್ದರೆ ಸ್ಪಿರಿಟ್ಟಿನಿಂದ ಒರೆಸಿ ಹಾಕಬೇಕು.

ಇನ್ನು ಏನು ಕಲಿಸಬೇಕು ಎಂಬುದು. ಇಲ್ಲಿ ನಮ್ಮ ಮನಸ್ಸಿನಲ್ಲಿರುವ ಮುಖ್ಯ ಆಕ್ಷೇಪವನ್ನು ಬಿಚ್ಚಿ ಹೇಳಬೇಕು. ಹಲವು ಪಠ್ಯಕ್ರಮಗಳಲ್ಲಿ ಮೊದಲ ಸೆಮಿಸ್ಟರ್ ಗ್ರೀಕ್ ರಂಗಭೂಮಿಯಿಂದ ಹಿಡಿದು ಬ್ರೆಕ್ಟ್‌ವರೆಗಿನ ಹೆಸರುಗಳ ಪಟ್ಟಿ. ಆ ಹೆಸರುಗಳು ಬೇಕು. ಆದರೆ ಅಭಿನಯಕ್ಕೆ ಆಂಗಿಕ (ಮೈ), ವಾಚಿಕ (ಮಾತು), ಆಹಾರ್ಯ (ವೇಷ), ಸಾತ್ವಿಕ (ಭಾವ) ಎಂದು ನಾಟ್ಯಶಾಸ್ತ್ರ ಮಾಡಿದ ನಾಲ್ಕು ಭಾಗಗಳಲ್ಲಿ ವಾಚಿಕವನ್ನು ಕನ್ನಡದ ಜಾಯಮಾನಕ್ಕೆ ಹೊಂದಿಸಿ ಕಲಿಸುವ ಪಾಠ ಬಹಳ ಕಡೆ ಇಲ್ಲ. ದನಿಯ ವ್ಯಾಯಾಮಗಳು ಇಂಗ್ಲಿಷ್ ಕೈಪಿಡಿಗಳಿಂದ ಬರುತ್ತವೆ. ಕನ್ನಡ ವಾಕ್ಯದ ಪ್ರಾಣ ಇರುವುದು ಕೊನೆಯಲ್ಲಿ, ಕ್ರಿಯಾಪದದಲ್ಲಿ. ‘ನಾನು ನಾಳೆ ನಿಮ್ಮ ಜೊತೆ ಊರಿಗೆ ಹೋಗುವುದಿಲ್ಲ’ ಎಂಬ ಮಾತಿನಲ್ಲಿ ಹೊಸ ನಟನ ಉಸಿರು ‘ಊರಿಗೆ’ ಎಂಬಲ್ಲಿಗೆ ಮುಗಿದಿರುತ್ತದೆ. ‘ಇಲ್ಲ’ ಗಂಟಲಲ್ಲೇ ಉಳಿಯುತ್ತದೆ. ಎಂಟನೇ ಸಾಲಿನಲ್ಲಿ ಕೂತವರಿಗೆ ಅವನು ಹೋಗುತ್ತಾನೋ ಇಲ್ಲವೋ ತಿಳಿಯುವುದಿಲ್ಲ, ಕಥೆಯೇ ತಿರುವುಮುರುವಾಗುತ್ತದೆ.

ಇದಕ್ಕೆ ಮದ್ದು ಸರಳ, ಸಮಯ ಮಾತ್ರ ಬೇಕು. ಇಬ್ಬರನ್ನು ನಲವತ್ತು ಅಡಿ ದೂರದಲ್ಲಿ ಎದುರುಬದುರು ನಿಲ್ಲಿಸಿ. ಒಬ್ಬರು ವಾಕ್ಯ ಹೇಳಬೇಕು, ಇನ್ನೊಬ್ಬರು ಕೇಳಿಸಿದ್ದನ್ನಷ್ಟೇ ಬರೆಯಬೇಕು. ಹತ್ತು ವಾಕ್ಯಗಳಲ್ಲಿ ಎಷ್ಟು ಕ್ರಿಯಾಪದ ತಲುಪಿದವೆಂದು ಎಣಿಸಿ. ಆಮೇಲೆ ಉಸಿರನ್ನು ವಾಕ್ಯದ ಆರಂಭದಲ್ಲಿ ಮಾತ್ರವಲ್ಲ, ಕ್ರಿಯಾಪದದ ಹಿಂದಿನ ಪದದ ಮೊದಲು ಕದ್ದು ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿಸಿ. ಕೂಗಿಸಬೇಡಿ, ಕೂಗಿದರೆ ಸ್ವರ ಮಾತ್ರ ಹಿಗ್ಗುತ್ತದೆ, ವ್ಯಂಜನ ಕರಗುತ್ತದೆ. ಅದಾದ ಮೇಲೆ ಹುಲಿ-ಹುಳಿ, ಬೆಲೆ-ಬೆಳೆ, ಹಾಡು-ಆಡು ಜೋಡಿಗಳು. ವಾರಕ್ಕೆ ಮೂರು ದಿನ, ದಿನಕ್ಕೆ ನಲವತ್ತು ನಿಮಿಷ, ಒಂದು ಪೂರ್ತಿ ಸೆಮಿಸ್ಟರ್ ಮಾಡಿದರೆ ಮೈಕಿಲ್ಲದೆ ಇನ್ನೂರು ಜನರಿಗೆ ಕೇಳಿಸುವಂತೆ ಮಾತಾಡಲು ಬಹುತೇಕ ಎಲ್ಲರಿಗೂ ಬರುತ್ತದೆ.

ಉಚ್ಚಾರಣೆಯ ಸ್ಪಷ್ಟತೆ ಬೇರೆ, ಆಡುಮಾತು ಬೇರೆ. ಕಲಬುರಗಿಯ, ಕುಂದಾಪುರದ, ಚಾಮರಾಜನಗರದ ಮಕ್ಕಳಿಗೆ ‘ನಿನ್ನ ಭಾಷೆ ಸರಿಯಿಲ್ಲ’ ಎಂದು ಮೊದಲ ವಾರವೇ ಹೇಳಿದರೆ ಅವರು ಬಾಯಿ ಮುಚ್ಚುತ್ತಾರೆ, ಮತ್ತೆ ತೆರೆಸಲು ವರ್ಷ ಬೇಕಾಗುತ್ತದೆ. ಚಂದ್ರಶೇಖರ ಕಂಬಾರರ ನಾಟಕಗಳು ಉತ್ತರ ಕರ್ನಾಟಕದ ಮಾತಿನಲ್ಲೇ ಬೆಳೆದವು. ತನ್ನ ಊರಿನ ಮಾತನ್ನು ರಂಗದ ಮೇಲೆ ಸ್ಪಷ್ಟವಾಗಿ ಆಡುವುದು ಮೊದಲ ವರ್ಷದ ಗುರಿಯಾಗಲಿ. ಬೇರೆ ಊರಿನ ಮಾತು, ಗ್ರಾಂಥಿಕ ಭಾಷೆ, ಕಂಪನಿ ನಾಟಕದ ಶೈಲಿ ಆಮೇಲೆ ಬರಲಿ.

ಹಾಗೆಯೇ ಮೊದಲ ವರ್ಷ ಪ್ರತಿ ಕಾಲೇಜೂ ತನ್ನ ಸುತ್ತಮುತ್ತಲ ಒಂದು ಆಟವನ್ನು ಹತ್ತಿರದಿಂದ ಕಲಿಸಲಿ. ಬೆಳಗಾವಿ, ಬಾಗಲಕೋಟೆ ಕಡೆ ಶ್ರೀಕೃಷ್ಣ ಪಾರಿಜಾತ ಅಥವಾ ದೊಡ್ಡಾಟ, ಕರಾವಳಿಯಲ್ಲಿ ಯಕ್ಷಗಾನ, ಹಳೇ ಮೈಸೂರಿನಲ್ಲಿ ಮೂಡಲಪಾಯ. ಎಲ್ಲದರ ಪರಿಚಯ ಮಾಡಿಸಲು ಹೋಗಿ ಯಾವುದರ ತಾಳವೂ ಕಾಲಿಗೆ ಬಾರದೆ ಹೋಗುವುದಕ್ಕಿಂತ ಒಂದು ಆಟದ ಒಂದು ಪ್ರಸಂಗದ ಇಪ್ಪತ್ತು ನಿಮಿಷವನ್ನು ಹಾಡು, ಕುಣಿತ, ಮಾತು, ಬಣ್ಣಗಳೊಂದಿಗೆ ಪೂರ್ತಿ ಕಲಿಯುವುದು ಮೇಲು. ಕಲಿಸಲು ಬರುವ ಭಾಗವತರಿಗೆ, ಕಥೆಗಾರರಿಗೆ ಗೌರವಧನ ಕೊಡುವಾಗ ಪದವಿ ಪ್ರಮಾಣಪತ್ರ ಕೇಳಬೇಡಿ.

ಅಲ್ಲಿಂದ ನೇಮಕಾತಿಗೆ ಬರುತ್ತೇವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ನಾಟಕದ ಸಹಾಯಕ ಪ್ರಾಧ್ಯಾಪಕರಿಗೆ ಎರಡು ದಾರಿ ತೆರೆದಿದೆ. ಒಂದು, ಸ್ನಾತಕೋತ್ತರದಲ್ಲಿ 55 ಶೇಕಡ ಅಂಕ ಮತ್ತು ನೆಟ್ ಅಥವಾ ಸೆಟ್ ಅರ್ಹತಾ ಪರೀಕ್ಷೆ. ಇನ್ನೊಂದು, ರಾಷ್ಟ್ರೀಯ ನಾಟಕ ಶಾಲೆ ಅಥವಾ ಅಂಥ ಮಾನ್ಯ ಸಂಸ್ಥೆಯ ಪ್ರಥಮ ದರ್ಜೆಯ ಡಿಪ್ಲೊಮಾ ಇದ್ದು ಐದು ವರ್ಷ ರಂಗದ ಮೇಲೆ ಹೆಸರು ಮಾಡಿದ ವೃತ್ತಿಪರರು. ಅಧಿಸೂಚನೆ ಹೊರಡಿಸುವಾಗ ಈ ಎರಡನೇ ದಾರಿಯನ್ನು ಬಿಟ್ಟುಬಿಡಬೇಡಿ. 2022ರ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯೂ ಅನುಭವಿ ಕಲಾವಿದರನ್ನು ಕರೆತರಲು ಅವಕಾಶ ಕೊಡುತ್ತದೆ. ಅತಿಥಿ ಉಪನ್ಯಾಸಕರ ವಿಷಯದಲ್ಲಿ ನಮ್ಮ ಬೇಡಿಕೆ ಇನ್ನೂ ಚಿಕ್ಕದು: ತಾಲೀಮಿನ ಗಂಟೆ ಕಾರ್ಯಭಾರದಲ್ಲಿ ಸೇರಲಿ. ಈಗ ಬಹಳ ಕಡೆ ಅದು ಶಿಕ್ಷಕರ ಸ್ವಂತ ಪ್ರೀತಿಯ ಲೆಕ್ಕಕ್ಕೆ ಹೋಗುತ್ತದೆ. ಪ್ರೀತಿ ಎರಡು ವರ್ಷ ನಡೆಯುತ್ತದೆ, ಮೂರನೇ ವರ್ಷ ಆ ಶಿಕ್ಷಕರು ಧಾರಾವಾಹಿಗೋ ಬೇರೆ ಊರಿಗೋ ಹೊರಡುತ್ತಾರೆ.

ಸೆಮಿಸ್ಟರಿನ ನಾಟಕವನ್ನು ಹದಿನಾರು ವಾರಗಳಲ್ಲಿ ಹೇಗೆ ಹಂಚಬೇಕೆಂಬುದಕ್ಕೆ ನಮ್ಮ ಅನುಭವದ ಅಂದಾಜು ಇದು. ಮೊದಲ ಎರಡು ವಾರ ಕೂತು ಓದು. ಮೂರರಿಂದ ಏಳನೇ ವಾರದವರೆಗೆ ಬ್ಲಾಕಿಂಗ್, ಅಂದರೆ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಎತ್ತ ನಡೆಯಬೇಕು ಎಂದು ಗೊತ್ತುಮಾಡುವುದು. ರಂಗಸಜ್ಜಿಕೆಯ ನಕ್ಷೆಯನ್ನು ಮೊದಲ ದಿನವೇ ನೆಲದ ಮೇಲೆ ಬಣ್ಣದ ಟೇಪಿನಿಂದ ಅಸಲಿ ಅಳತೆಯಲ್ಲಿ ಅಂಟಿಸಬೇಕು. ಎಂಟನೇ ವಾರಕ್ಕೆ ಕೈಯಿಂದ ಪುಸ್ತಕ ಇಳಿಯಬೇಕು, ಅದೇ ವಾರ ತಾಲೀಮಿನ ಸೀರೆ, ಪಂಚೆ, ನಿಲುವಂಗಿ ಮೈಮೇಲೆ ಬರಬೇಕು. ಪ್ರದರ್ಶನದ ದಿನವೇ ಮೊದಲ ಬಾರಿ ಆರು ಗಜದ ಸೀರೆಯುಟ್ಟು ಒಂದು ಅಡಿಯ ಮೆಟ್ಟಿಲು ಹತ್ತುವ ಹುಡುಗಿ ನೆರಿಗೆ ತುಳಿಯುತ್ತಾಳೆ. ಹತ್ತನೇ ವಾರಕ್ಕೆ ಲೆವೆಲ್‌ಗಳು ಜಾಗಕ್ಕೆ ಬರಬೇಕು. ಎಂಟು ಅಡಿಗೆ ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆಯಲ್ಲಿ ನಾಲ್ಕಡಿ ಚೌಕದ ಎರಡು ಲೆವೆಲ್ ಆಗುತ್ತವೆ. 18 ಮಿಲಿಮೀಟರ್ ದಪ್ಪದ್ದು ತನ್ನಿ, ಕೆಳಗೆ ಎರಡೆರಡು ಅಡಿಗೆ ಅಡ್ಡಪಟ್ಟಿ ಕೊಡಿ. ದುಡ್ಡು ಉಳಿಸಲು 12 ಮಿಲಿಮೀಟರ್ ತಂದರೆ ಇಬ್ಬರು ಹತ್ತಿದಾಗ ನಡು ಬಾಗುತ್ತದೆ, ಹೆಜ್ಜೆಹೆಜ್ಜೆಗೂ ಡಬ್ ಎಂಬ ಸದ್ದು ಮಾತನ್ನು ಮುಚ್ಚುತ್ತದೆ. ಹನ್ನೆರಡನೇ ವಾರ ಎರಡು ಪೂರ್ತಿ ದಿನ ಬೆಳಕಿನ ಕ್ಯೂಗಳಿಗೆ, ಅಂದರೆ ಬೆಳಕು ಯಾವ ಕ್ಷಣಕ್ಕೆ ಬದಲಾಗಬೇಕೆಂಬ ಸೂಚನೆಗಳಿಗೆ. ಹದಿಮೂರನೇ ವಾರ ಪ್ರದರ್ಶನ, ಒಂದಲ್ಲ, ಮೂರು. ಮೊದಲ ದಿನ ಭಯ ನಡೆಸುತ್ತದೆ, ಎರಡನೇ ದಿನ ಸಡಿಲವಾಗುತ್ತದೆ, ಯಾಕೆ ಸಡಿಲವಾಯಿತೆಂದು ಅರಿತು ಕಟ್ಟುವುದು ಮೂರನೇ ದಿನ. ಒಂದೇ ಪ್ರದರ್ಶನ ಮಾಡಿ ಮುಗಿಸಿದವರಿಗೆ ಈ ಪಾಠ ಸಿಗುವುದೇ ಇಲ್ಲ. ಉಳಿದ ವಾರಗಳು ಬಿಚ್ಚಿ ಜೋಡಿಸಿಡಲು, ಕಡತಕ್ಕೆ, ಮೌಖಿಕ ಪರೀಕ್ಷೆಗೆ.

ಪರೀಕ್ಷೆಯಲ್ಲಿ ಆಗುವ ಅನ್ಯಾಯ ಹೀಗೆ. ಹೊರಗಿನ ಪರೀಕ್ಷಕರು ಸಂಜೆ ಬಂದು ಎರಡು ಗಂಟೆ ನಾಟಕ ನೋಡುತ್ತಾರೆ. ರಾಜನ ಪಾತ್ರದವನಿಗೆ ಹೆಚ್ಚು, ಸೇವಕನಿಗೆ ಕಡಿಮೆ, ದೀಪಗಳನ್ನು ಏರಿಸಿ ಇಳಿಸುವ ಡಿಮ್ಮರ್ ಬೋರ್ಡಿನ ಹಿಂದೆ ಕೂತು ಅರುವತ್ತು ಕ್ಯೂಗಳನ್ನು ತಪ್ಪದೆ ನಡೆಸಿದ ಹುಡುಗಿಗೆ ಪಾಸಾಗುವಷ್ಟು ಅಂಕ. ಮುಂದಿನ ವರ್ಷ ಬೆಳಕಿಗೆ ಯಾರೂ ಬರುವುದಿಲ್ಲ. ಪ್ರತಿ ವಿದ್ಯಾರ್ಥಿಗೂ ಒಂದು ಕಡತವಿರಲಿ: ನಟರಿಗೆ ಪಾತ್ರದ ದಿನಚರಿ, ರಂಗನಿರ್ವಾಹಕರಿಗೆ ಪ್ರತಿ ಚಲನೆ, ಪ್ರತಿ ಕ್ಯೂ ಗುರುತಾದ ಪ್ರಾಂಪ್ಟ್ ಪುಸ್ತಕ, ಬೆಳಕಿನವರಿಗೆ ದೀಪಗಳ ನಕ್ಷೆ ಮತ್ತು ಕ್ಯೂ ಪಟ್ಟಿ, ಸಜ್ಜಿಕೆಯವರಿಗೆ ಅರ್ಧ ಇಂಚಿಗೆ ಒಂದು ಅಡಿಯ ಲೆಕ್ಕದ ಮಾದರಿ, ವಸ್ತ್ರದವರಿಗೆ ಕೈಯಾರೆ ಹೊಲಿದ ಒಂದು ಉಡುಪು. ಒಬ್ಬೊಬ್ಬರೊಡನೆ ಹದಿನೈದು ನಿಮಿಷ ಕಡತ ಬಿಡಿಸಿಟ್ಟು ಮಾತಾಡಿದರೆ ಇಪ್ಪತ್ತು ಜನಕ್ಕೆ ಐದು ಗಂಟೆ. ಪರೀಕ್ಷಕರಿಗೆ ಒಂದು ಹಗಲು ಹೆಚ್ಚಿಗೆ ಮಂಜೂರು ಮಾಡಿದರೆ ಮುಗಿಯಿತು. ಮೂರು ವರ್ಷದಲ್ಲಿ ಪ್ರತಿಯೊಬ್ಬರೂ ಒಮ್ಮೆಯಾದರೂ ನೇಪಥ್ಯದಲ್ಲಿ ಪೂರ್ಣ ಜವಾಬ್ದಾರಿ ಹೊತ್ತಿರಬೇಕೆಂದು ನಿಯಮ ಮಾಡಿ. ಪದವಿ ಮುಗಿಸಿದವರಲ್ಲಿ ನಟನೆಯಿಂದಲೇ ಬದುಕುವವರು ಕಡಿಮೆ. ಶಾಲೆಯಲ್ಲಿ ನಾಟಕ ಕಲಿಸುವುದಕ್ಕೆ, ಕಾರ್ಯಕ್ರಮ ನಡೆಸುವುದಕ್ಕೆ, ಬೆಳಕು-ಧ್ವನಿಯ ಕೆಲಸಕ್ಕೆ ಕೈಹಿಡಿಯುವುದು ಈ ಕಡತ.

ಹಕ್ಕಿನ ಒಂದು ಮಾತು. ಶಿಕ್ಷಕರು, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಿಸಿದವರಷ್ಟೇ ನೋಡುವ ಕಾಲೇಜಿನ ಪ್ರದರ್ಶನಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಊರಿನವರಿಗೆಲ್ಲ ಬಾಗಿಲು ತೆರೆದರೆ, ಟಿಕೆಟ್ ಇಟ್ಟರೆ, ನಾಟಕಕಾರರ ಅಥವಾ ವಾರಸುದಾರರ ಅನುಮತಿ ಬೇಕು. ಲೇಖಕರು ತೀರಿಕೊಂಡ 60 ವರ್ಷದವರೆಗೂ ಬೇಕು. ಅನುವಾದವಾದರೆ ಅನುವಾದಕರನ್ನೂ ಕೇಳಬೇಕು. ಅನುಮತಿ ಪತ್ರ ಓದಿನ ಮೊದಲ ವಾರವೇ ಹೊರಡಲಿ, ಆಮಂತ್ರಣ ಅಚ್ಚಾದ ಮೇಲಲ್ಲ.

ಹೆಣ್ಣುಮಕ್ಕಳ ಸುರಕ್ಷತೆಯನ್ನು ಯಾರ ಒಳ್ಳೆಯತನಕ್ಕೂ ಬಿಡಬಾರದು. ತಾಲೀಮು ಸಂಜೆ ಐದೂವರೆಗೆ ಮುಗಿಯಬೇಕು. ಪ್ರದರ್ಶನದ ವಾರ ತಡವಾದರೆ ಮನೆ ಮುಟ್ಟಿಸುವ ವಾಹನದ ಹೊಣೆ ಕಾಲೇಜಿನದು. ಒಳಗಿನಿಂದ ಚಿಲಕವಿರುವ ಎರಡು ಬಟ್ಟೆ ಬದಲಿಸುವ ಕೋಣೆ ಬೇಕು. ಮುಟ್ಟುವ, ಅಪ್ಪುವ, ಹೊಡೆಯುವ ದೃಶ್ಯಗಳಲ್ಲಿ ಎಲ್ಲಿ, ಎಷ್ಟು ಹೊತ್ತು, ಯಾವ ಮಾತಿನ ಮೇಲೆ ಎಂದು ಇಬ್ಬರೂ ಒಪ್ಪಿ ಪ್ರಾಂಪ್ಟ್ ಪುಸ್ತಕದಲ್ಲಿ ಬರೆಯಬೇಕು. ಬರೆದದ್ದನ್ನು ಪ್ರದರ್ಶನದ ದಿನ ಯಾರೂ ಬದಲಿಸಬಾರದು. ತಿಂಗಳ ಮಟ್ಟಿಗೆ ಬರುವ ಅತಿಥಿ ನಿರ್ದೇಶಕರೂ ಕಾಲೇಜಿನ ಆಂತರಿಕ ದೂರು ಸಮಿತಿಯ ವ್ಯಾಪ್ತಿಗೆ ಬರುತ್ತಾರೆಂದು ಅವರ ಒಪ್ಪಂದದ ಪತ್ರದಲ್ಲೇ ನಮೂದಿಸಿ, ಸಮಿತಿಯ ಸದಸ್ಯರ ಹೆಸರು ತಾಲೀಮಿನ ಕೊಠಡಿಯ ಗೋಡೆಗೆ ಹಚ್ಚಿ.

ಎಲ್ಲ ಕಾಲೇಜುಗಳಲ್ಲೂ ನಾಟಕ ತೆರೆಯಿರಿ ಎಂದು ನಾವು ಕೇಳುತ್ತಿಲ್ಲ. ಕೊಠಡಿ, ಮೂರು ಫೇಸಿನ ಸಂಪರ್ಕ, ಇಬ್ಬರು ಪೂರ್ಣಾವಧಿ ಶಿಕ್ಷಕರು ಇಲ್ಲದ ಕಡೆ ತೆರೆಯಲೇಬೇಡಿ. ಇವು ಮೂರೂ ಇರುವ ಕಾಲೇಜುಗಳನ್ನು ಮೊದಲು ಗುರುತಿಸಿ, ಅಲ್ಲಿ ಆರಂಭಿಸಿ. ಒಮ್ಮೆ ತೆರೆದ ಮೇಲೆ ಒಂದು ವರ್ಷ ದಾಖಲಾತಿ ಹತ್ತಕ್ಕಿಳಿಯಿತೆಂದು ಮುಚ್ಚಬೇಡಿ, ಮೂರು ವರ್ಷ ನೋಡಿ. ವೇಳಾಪಟ್ಟಿ ಸಮಿತಿಗಳು ಮುಂದಿನ ಶೈಕ್ಷಣಿಕ ವರ್ಷಕ್ಕೆ ಕೂರುವ ಮೊದಲು ಆದೇಶ ಹೊರಡಬೇಕು. ಅಭಿನಯ, ವಾಚಿಕ, ರಂಗತಂತ್ರ, ಪ್ರಯೋಗ, ಈ ನಾಲ್ಕು ಪತ್ರಿಕೆಗಳ ಎದುರು ‘ಪ್ರಾಯೋಗಿಕ, ಮೂರು ಗಂಟೆಯ ನಿರಂತರ ಅವಧಿ, ತಂಡಕ್ಕೆ ಗರಿಷ್ಠ ಇಪ್ಪತ್ತು ವಿದ್ಯಾರ್ಥಿಗಳು’ ಎಂದು ಅದರಲ್ಲಿ ಬರೆದಿರಲಿ. ಕರಡು ಸಿದ್ಧವಾದರೆ ಕೊಠಡಿಯ ನಕ್ಷೆ, ದೀಪಗಳ ಪಟ್ಟಿ, ಕಡತದ ಮಾದರಿ, ಅಂಕ ಹಂಚಿಕೆಯ ನಮೂನೆಗಳನ್ನು ನಾವು ಬರೆದುಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಪದವಿ ತರಗತಿಗಳಲ್ಲಿ ನಾಟಕ ಕಲಿಸುವ ಶಿಕ್ಷಕರು ಮತ್ತು ರಂಗತಂತ್ರಜ್ಞರು